ಮೇರಿ ಬ್ರೆಕಿನ್‌ರಿಡ್ಜ್

ಮೇರಿ ಬ್ರೆಕಿನ್‌ರಿಡ್ಜ್ (17 ಫೆಬ್ರವರಿ 1881 – 16 ಮೇ 1965) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಶುಶ್ರೂಷಕಿ ಹಾಗೂ ಶಾಸ್ತ್ರೀಯ ತರಬೇತಿ ಪಡೆದ ಸೂಲಗಿತ್ತಿ. ಕೆಂಟಕಿ ರಾಜ್ಯದ ಪೂರ್ವಭಾಗದ ಗುಡ್ಡಗಾಡಿನಲ್ಲಿ 1925ರಲ್ಲಿ ಇವರು ಸ್ಥಾಪಿಸಿದ ಸೇವಾಸಂಸ್ಥೆಯು ಮುಂದೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರಿನಿಂದ ಖ್ಯಾತವಾಯಿತು. ಉನ್ನತ ಶಿಕ್ಷಣ ಪಡೆದ ದಾದಿಯರು ವೈದ್ಯರು ದೊರೆಯದ ಪ್ರದೇಶದಲ್ಲಿ ಹೆರಿಗೆಯನ್ನೂ ಕುಟುಂಬದ ಆರೋಗ್ಯವನ್ನೂ ಸಮರ್ಥವಾಗಿ ನಿರ್ವಹಿಸಬಲ್ಲರು ಎಂಬುದನ್ನು ಇವರು ಅಂಕಿ-ಅಂಶಗಳ ಸಹಿತ ತೋರಿಸಿಕೊಟ್ಟರು. ಇಂದು ಅಮೆರಿಕದಲ್ಲಿ ಶುಶ್ರೂಷಕಿಯರು ಪಡೆಯುವ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್ ಎಂಬ ಪದವಿಯ ಹಿನ್ನೆಲೆಯನ್ನು ಅರಿಯಲು ಇವರ ಜೀವನವು ಸಹಾಯಕವಾಗಿದೆ.

ಜನನ ಮತ್ತು ಬಾಲ್ಯ

ಮೇರಿಯವರು ಟೆನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಜನಿಸಿದರು. ಇವರದು ರಾಜಕೀಯವಾಗಿ ಪ್ರಭಾವಶಾಲಿಯಾದ ಮನೆತನ. ತಾತ ಜಾನ್ ಸಿ. ಬ್ರೆಕಿನ್‌ರಿಡ್ಜ್ 1857ರಿಂದ 1861ರವರೆಗೆ ಅಮೆರಿಕದ ಉಪಾಧ್ಯಕ್ಷರಾಗಿದ್ದು, ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪಕ್ಷ ವಹಿಸಿದ್ದರು. ತಂದೆ ಕ್ಲಿಫ್ಟನ್ ಬ್ರೆಕಿನ್‌ರಿಡ್ಜ್ ಅರ್ಕನ್ಸಾ ರಾಜ್ಯದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾಗಿದ್ದರು; 1894ರಲ್ಲಿ ರಷ್ಯಾ ದೇಶಕ್ಕೆ ಅಮೆರಿಕದ ರಾಜಪ್ರತಿನಿಧಿಯಾಗಿ ತೆರಳಿದರು. ಹೀಗಾಗಿ ಮೇರಿಯವರ ಬಾಲ್ಯದ ಕೆಲವು ವರ್ಷಗಳು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕಳೆದವು. ಸ್ವಿಟ್ಜರ್ಲೆಂಡಿನ ಲೊಸಾನ್‌ ಮತ್ತು ಅಮೆರಿಕದ ಕನೆಕ್ಟಿಕಟ್‌ಗಳಲ್ಲಿ ಇವರ ಶಾಲಾ ಶಿಕ್ಷಣ ನಡೆಯಿತು. ಆ ಕಾಲದ ಶ್ರೀಮಂತ ಮನೆತನಗಳಲ್ಲಿ ಹೆಣ್ಣುಮಕ್ಕಳು ಉದ್ಯೋಗಕ್ಕಾಗಿ ಓದುವ ವಾಡಿಕೆ ಇರಲಿಲ್ಲ.

ವೈವಾಹಿಕ ಜೀವನ ಮತ್ತು ಶುಶ್ರೂಷಾ ಶಿಕ್ಷಣ

1904ರಲ್ಲಿ ಮೇರಿಯವರು ಹೆನ್ರಿ ಮಾರಿಸನ್ ಎಂಬ ವಕೀಲರನ್ನು ವಿವಾಹವಾದರು. ಎರಡೇ ವರ್ಷಗಳಲ್ಲಿ ಪತಿ ತೀರಿಕೊಂಡರು. ವಿಧವೆಯಾದ ಮೇರಿ 1907ರಲ್ಲಿ ನ್ಯೂಯಾರ್ಕಿನ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯ ಶುಶ್ರೂಷಾ ಶಾಲೆಗೆ ಸೇರಿ 1910ರಲ್ಲಿ ಶಿಕ್ಷಣ ಪೂರೈಸಿದರು. 1912ರಲ್ಲಿ ಅರ್ಕನ್ಸಾದ ಯುರೇಕಾ ಸ್ಪ್ರಿಂಗ್ಸ್ ಊರಿನ ಮಹಿಳಾ ಕಾಲೇಜೊಂದರ ಮುಖ್ಯಸ್ಥರಾಗಿದ್ದ ರಿಚರ್ಡ್ ಥಾಂಪ್ಸನ್ ಅವರನ್ನು ಮರುವಿವಾಹವಾಗಿ, ಅದೇ ಕಾಲೇಜಿನಲ್ಲಿ ಫ್ರೆಂಚ್ ಭಾಷೆ ಮತ್ತು ಆರೋಗ್ಯಶಾಸ್ತ್ರವನ್ನು ಬೋಧಿಸಿದರು.

ಈ ದಾಂಪತ್ಯದಲ್ಲಿ ಎರಡು ಮಕ್ಕಳು ಜನಿಸಿದವು. 1916ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಹೆಣ್ಣುಮಗು ಕೆಲವೇ ಗಂಟೆ ಬದುಕಿತು. 1914ರಲ್ಲಿ ಜನಿಸಿದ್ದ ಮಗ ಬ್ರೆಕಿ, ನಾಲ್ಕು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, 1918ರ ಜನವರಿಯಲ್ಲಿ ಕಾಯಿಲೆಯಿಂದ ಅಸುನೀಗಿದನು. ಎರಡು ವರ್ಷಗಳ ನಂತರ ವಿವಾಹ ವಿಚ್ಛೇದನವಾಗಿ ಮೇರಿಯವರು ತವರಿನ ಹೆಸರನ್ನೇ ಮತ್ತೆ ಇಟ್ಟುಕೊಂಡರು. ಉಳಿದ ಬದುಕನ್ನು ತಾಯಂದಿರ ಮತ್ತು ಎಳೆಯ ಮಕ್ಕಳ ಆರೋಗ್ಯಕ್ಕಾಗಿ ಮುಡಿಪಾಗಿಡಲು ಈ ಸಾವುಗಳೇ ಪ್ರೇರಣೆಯಾದವು.

ಫ್ರಾನ್ಸ್‌ನ ಅನುಭವ

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಯುದ್ಧದಿಂದ ಹಾಳಾದ ಉತ್ತರ ಫ್ರಾನ್ಸ್‌ನಲ್ಲಿ ಪುನರ್ವಸತಿ ಕಾರ್ಯ ನಡೆಸುತ್ತಿದ್ದ ಅಮೆರಿಕದ ಸ್ವಯಂಸೇವಾ ಸಮಿತಿಯೊಂದನ್ನು ಸೇರಿ, ಎನ್ ನದಿಯ ಸುತ್ತಲಿನ ಗ್ರಾಮಗಳಲ್ಲಿ ಕೆಲಸ ಮಾಡಿದರು. ಹಾಲಿಲ್ಲದೆ ಸೊರಗಿದ್ದ ಮಕ್ಕಳಿಗಾಗಿ ಅಮೆರಿಕದ ಬಂಧುಮಿತ್ರರಿಂದ ಹಣ ತರಿಸಿ ಮೇಕೆಗಳನ್ನು ಕೊಳ್ಳುವ ಏರ್ಪಾಡು ಮಾಡಿದರು. ಗರ್ಭಿಣಿಯರ ಮತ್ತು ಶಿಶುಗಳ ಆರೈಕೆಗೆ ಮನೆಮನೆಗೆ ಹೋಗುವ ದಾದಿಯರ ವ್ಯವಸ್ಥೆಯನ್ನು ಕಟ್ಟಿದರು.

ಇಲ್ಲಿ ಇವರಿಗೆ ಬ್ರಿಟನ್ನಿನ ದಾದಿಯರ ಪರಿಚಯವಾಯಿತು. ಅವರಲ್ಲಿ ಕೆಲವರು ಶುಶ್ರೂಷೆಯ ಜೊತೆಗೆ ಪ್ರಸೂತಿ ವಿದ್ಯೆಯಲ್ಲೂ ಅಧಿಕೃತ ಪರೀಕ್ಷೆ ಮುಗಿಸಿದ್ದರು. ಅಮೆರಿಕದಲ್ಲಿ ಆಗ ದಾದಿಯರೇ ಬೇರೆ, ಸೂಲಗಿತ್ತಿಯರೇ ಬೇರೆ. ಎರಡೂ ವಿದ್ಯೆಗಳು ಒಬ್ಬಳಲ್ಲೇ ಕೂಡಿದರೆ ಹಳ್ಳಿಗಾಡಿನ ತಾಯಂದಿರಿಗೆ ಎಷ್ಟು ಉಪಯೋಗವೆಂಬುದನ್ನು ಮೇರಿಯವರು ಇಲ್ಲಿಯೇ ಮನಗಂಡರು.

ಉನ್ನತ ವ್ಯಾಸಂಗ ಮತ್ತು ಸಮೀಕ್ಷೆ

ಸ್ವದೇಶಕ್ಕೆ ಮರಳಿದ ಬಳಿಕ ಕೊಲಂಬಿಯಾ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ಸಾರ್ವಜನಿಕ ಆರೋಗ್ಯ ಶುಶ್ರೂಷೆಯನ್ನು ಅಭ್ಯಾಸ ಮಾಡಿದರು. 1923ರ ಬೇಸಿಗೆಯಲ್ಲಿ ಪೂರ್ವ ಕೆಂಟಕಿಯ ಲೆಸ್ಲಿ, ನಾಟ್ ಮತ್ತು ಔಸ್ಲಿ ಎಂಬ ಮೂರು ಕೌಂಟಿಗಳಲ್ಲಿ ಕುದುರೆಯ ಮೇಲೆ ಸಂಚರಿಸಿ, 53 ಮಂದಿ ಸಾಂಪ್ರದಾಯಿಕ ಸೂಲಗಿತ್ತಿಯರನ್ನು ಭೇಟಿಯಾಗಿ ಸಮೀಕ್ಷೆ ನಡೆಸಿದರು. ಇವರಲ್ಲಿ ಹೆಚ್ಚಿನವರು ವಯಸ್ಸಾದವರು. ಅನುಭವದಿಂದ ಕಲಿತವರೇ ಹೊರತು ಶಾಲೆಯಲ್ಲಿ ಕಲಿತವರಲ್ಲ. ಆ ಪ್ರದೇಶದಲ್ಲಿ ರೈಲಾಗಲಿ ಮೋಟಾರು ರಸ್ತೆಯಾಗಲಿ ಇರಲಿಲ್ಲ. ವೈದ್ಯರು ದೊರೆಯುವುದು ದುರ್ಲಭವಾಗಿತ್ತು.

ತಾವು ಬಯಸಿದ ಮಟ್ಟದ ಪ್ರಸೂತಿ ಶಿಕ್ಷಣ ಅಮೆರಿಕದಲ್ಲಿ ದೊರೆಯದ ಕಾರಣ ಮೇರಿಯವರು ಲಂಡನ್ನಿಗೆ ಹೋದರು. ವುಲ್ವಿಚ್‌ನ ತಾಯಿ-ಮಕ್ಕಳ ಆಸ್ಪತ್ರೆಯಲ್ಲಿ ತರಬೇತಿ ಪಡೆದು, ಅಲ್ಲಿನ ಸೂಲಗಿತ್ತಿಯರ ಕೇಂದ್ರ ಮಂಡಳಿಯಿಂದ ಪ್ರಮಾಣಪತ್ರ ಗಳಿಸಿದರು. ಆಗ ಇವರಿಗೆ ನಲವತ್ತು ದಾಟಿತ್ತು. ಅನಂತರ ಸ್ಕಾಟ್‌ಲೆಂಡಿನ ಮಲೆನಾಡು ಹಾಗೂ ದ್ವೀಪಗಳಲ್ಲಿ ಚದುರಿದ ಜನವಸತಿಗೆ ವೈದ್ಯಕೀಯ ಸೇವೆ ಒದಗಿಸುತ್ತಿದ್ದ ಸರ್ಕಾರಿ ವ್ಯವಸ್ಥೆಯನ್ನು ಅಧ್ಯಯನ ಮಾಡಿದರು. ಒಂದು ಕೇಂದ್ರ ಆಸ್ಪತ್ರೆ ಮತ್ತು ಅದರ ಸುತ್ತ ಉಪಕೇಂದ್ರಗಳೆಂಬ ಕೆಂಟಕಿಯ ಯೋಜನೆಗೆ ಇದೇ ಮಾದರಿಯಾಯಿತು.

ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್

1925ರ ಮೇ ತಿಂಗಳಲ್ಲಿ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್‌ನಲ್ಲಿ ತಾಯಿ-ಮಕ್ಕಳ ಸಮಿತಿಯೊಂದು ರಚನೆಯಾಯಿತು. 1928ರಲ್ಲಿ ಇದಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರು ಬಂದಿತು. ಲೆಸ್ಲಿ ಕೌಂಟಿಯ ವೆಂಡೋವರ್ ಎಂಬಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ ಮನೆಯೇ ಸಂಸ್ಥೆಯ ಕಚೇರಿಯೂ ಮೇರಿಯವರ ನಿವಾಸವೂ ಆಯಿತು. 1928ರ ಜೂನ್‌ನಲ್ಲಿ ಸಮೀಪದ ಹೈಡನ್ ಊರಿನಲ್ಲಿ ಆಸ್ಪತ್ರೆ ಉದ್ಘಾಟನೆಗೊಂಡಿತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 700 ಚದರ ಮೈಲಿ ಪ್ರದೇಶದಲ್ಲಿ ಉಪಕೇಂದ್ರಗಳು ತಲೆಯೆತ್ತಿದವು. ಪ್ರತಿ ಉಪಕೇಂದ್ರದ ದಾದಿಯರು ಸುಮಾರು ಐದು ಮೈಲಿ ಸುತ್ತಳತೆಯ ಕುಟುಂಬಗಳನ್ನು ನೋಡಿಕೊಳ್ಳುತ್ತಿದ್ದರು. ಕುದುರೆಯೇರಿ, ಚೀಲಗಳಲ್ಲಿ ಔಷಧೋಪಕರಣಗಳನ್ನು ತುಂಬಿಕೊಂಡು, ಹೊಳೆ ದಾಟಿ, ಹಗಲಿರುಳೆನ್ನದೆ ಇವರು ಮನೆಗಳಿಗೆ ಹೋಗುತ್ತಿದ್ದರು. ಹೆರಿಗೆ, ಬಾಣಂತಿಯ ಆರೈಕೆ, ರೋಗನಿರೋಧಕ ಲಸಿಕೆ, ಗಾಯಗಳ ಚಿಕಿತ್ಸೆ ಇವೆಲ್ಲ ಇವರ ಕೆಲಸವಾಗಿದ್ದವು.

ಗರ್ಭಿಣಿಯ ಆರೈಕೆ, ಹೆರಿಗೆ ಮತ್ತು ಬಾಣಂತನದ ಶುಶ್ರೂಷೆ ಎಲ್ಲ ಸೇರಿ 5 ಡಾಲರ್, ಇತರ ಸೇವೆಗೆ ಕುಟುಂಬವೊಂದಕ್ಕೆ ವರ್ಷಕ್ಕೆ 1 ಡಾಲರ್ ಶುಲ್ಕ ನಿಗದಿಯಾಗಿತ್ತು. ಹಣವಿಲ್ಲದವರು ಮೇವು, ದವಸ ಅಥವಾ ದುಡಿಮೆಯ ರೂಪದಲ್ಲಿ ಸಲ್ಲಿಸಬಹುದಾಗಿತ್ತು. ಉಳಿದ ವೆಚ್ಚವನ್ನು ಮೇರಿಯವರು ನಗರಗಳಲ್ಲಿ ಭಾಷಣ ಮಾಡಿ, ದಾನಿಗಳ ಸಮಿತಿಗಳನ್ನು ಕಟ್ಟಿ ಸಂಗ್ರಹಿಸಿದರು. 1931ರಲ್ಲಿ ಕುದುರೆಯಿಂದ ಬಿದ್ದು ಬೆನ್ನುಮೂಳೆ ಮುರಿದರೂ ಈ ಕಾರ್ಯವನ್ನು ನಿಲ್ಲಿಸಲಿಲ್ಲ.

ದಾದಿಯರ ಅಧಿಕಾರದ ವ್ಯಾಪ್ತಿ

ವೈದ್ಯರು ಹತ್ತಿರವಿಲ್ಲದಾಗ ದಾದಿ ಎಷ್ಟರಮಟ್ಟಿಗೆ ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು ಎಂಬುದು ಸಂಸ್ಥೆಯ ಮುಂದಿದ್ದ ಕಠಿಣ ಪ್ರಶ್ನೆ. ಇದಕ್ಕಾಗಿ ಲೆಕ್ಸಿಂಗ್ಟನ್ ನಗರದ ವೈದ್ಯರ ಸಲಹಾ ಸಮಿತಿಯೊಂದು ಲಿಖಿತ ನಿಯಮಾವಳಿಯನ್ನು ಸಿದ್ಧಪಡಿಸಿತು. ಯಾವ ಲಕ್ಷಣಕ್ಕೆ ಯಾವ ಔಷಧಿ ಕೊಡಬಹುದು, ಯಾವ ಸ್ಥಿತಿಯಲ್ಲಿ ವೈದ್ಯರನ್ನು ಕರೆಸಲೇಬೇಕು ಎಂಬುದು ಅದರಲ್ಲಿತ್ತು. ಆ ಎಲ್ಲೆಯೊಳಗೆ ತೀರ್ಮಾನ ದಾದಿಯದೇ ಆಗಿತ್ತು.

ಮೇರಿಯವರು ಮೊದಲಿನಿಂದಲೂ ಪ್ರತಿಯೊಂದು ಹೆರಿಗೆಯ ದಾಖಲೆಯನ್ನು ಇಡಿಸಿದರು. ಮೆಟ್ರೋಪಾಲಿಟನ್ ಲೈಫ್ ವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞ ಲೂಯಿ ಡಬ್ಲಿನ್ ಸಂಸ್ಥೆಯ ಮೊದಲ 1000 ಹೆರಿಗೆಗಳ ದಾಖಲೆಗಳನ್ನು ಪರಿಶೀಲಿಸಿದರು. 1932ರಲ್ಲಿ ಬಂದ ಅವರ ವರದಿಯ ಪ್ರಕಾರ, ಗರ್ಭಧಾರಣೆ ಅಥವಾ ಹೆರಿಗೆಯೇ ನೇರ ಕಾರಣವಾಗಿ ಒಬ್ಬ ತಾಯಿಯೂ ಮೃತಪಟ್ಟಿರಲಿಲ್ಲ. ಆ ಕಾಲದ ಅಮೆರಿಕದಲ್ಲಿ ಸಾವಿರ ಹೆರಿಗೆಗಳಿಗೆ ಆರಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. ಬಡತನ ಮತ್ತು ದುರ್ಗಮತೆಯ ನಡುವೆ ದೊರೆತ ಈ ಫಲಿತಾಂಶ ದೇಶದ ಗಮನ ಸೆಳೆಯಿತು.

ಶಿಕ್ಷಣ ಸಂಸ್ಥೆ

ಆರಂಭದಲ್ಲಿ ಸಂಸ್ಥೆಯ ದಾದಿಯರಲ್ಲಿ ಅನೇಕರು ಬ್ರಿಟನ್ನಿನಿಂದ ಬಂದವರು ಅಥವಾ ಅಲ್ಲಿ ತರಬೇತಿ ಪಡೆದವರು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ದಾದಿಯರಲ್ಲಿ ಹಲವರು ಸ್ವದೇಶಕ್ಕೆ ಹಿಂದಿರುಗಿದರು. ಸೇವೆ ನಿಂತುಹೋಗದಂತೆ ಅದೇ ವರ್ಷ ಹೈಡನ್‌ನಲ್ಲಿ ದಾದಿಯರಿಗಾಗಿ ಪ್ರಸೂತಿ ವಿದ್ಯೆಯ ಶಾಲೆಯನ್ನು ತೆರೆಯಲಾಯಿತು. 1952ರಲ್ಲಿ ಮೇರಿಯವರ ಆತ್ಮಕಥೆ ಪ್ರಕಟವಾಯಿತು.

ಟೀಕೆಗಳು

ಇವರ ಕಾರ್ಯವನ್ನು ಮೆಚ್ಚುವ ಇತಿಹಾಸಕಾರರೂ ಕೆಲವು ದೋಷಗಳನ್ನು ಗುರುತಿಸಿದ್ದಾರೆ. ತಮ್ಮ ಕಾಲದ ಮತ್ತು ಮನೆತನದ ವರ್ಣಭೇದದ ಧೋರಣೆಯಿಂದ ಮೇರಿಯವರು ಹೊರಬರಲಿಲ್ಲ. ಕಪ್ಪು ವರ್ಣದ ದಾದಿಯರಿಗೆ ಇವರ ಸಂಸ್ಥೆಯಲ್ಲಿ ಅವಕಾಶವಿರಲಿಲ್ಲ. ಗುಡ್ಡಗಾಡಿನ ಬಿಳಿಯ ಜನರ ವಂಶಶುದ್ಧಿಯನ್ನು ಎತ್ತಿ ಹೇಳಿ ದಾನ ಕೇಳುತ್ತಿದ್ದುದೂ ಉಂಟು. ತಲೆಮಾರುಗಳಿಂದ ಸೇವೆ ಸಲ್ಲಿಸಿದ್ದ ಸ್ಥಳೀಯ ಸೂಲಗಿತ್ತಿಯರ ಅನುಭವಕ್ಕೆ ತಕ್ಕ ಮನ್ನಣೆ ಕೊಡಲಿಲ್ಲವೆಂಬ ಆಕ್ಷೇಪವೂ ಇದೆ.

ನಿಧನ ಮತ್ತು ಗೌರವ

ಕೊನೆಯವರೆಗೂ ಸಂಸ್ಥೆಯ ನಿರ್ದೇಶಕಿಯಾಗಿದ್ದ ಮೇರಿಯವರು 1965ರ ಮೇ 16ರಂದು ತಮ್ಮ 84ನೆಯ ವಯಸ್ಸಿನಲ್ಲಿ ನಿಧನರಾದರು. ಲೆಕ್ಸಿಂಗ್ಟನ್‌ನಲ್ಲಿ ಇವರ ಸಮಾಧಿಯಿದೆ. 1975ರಲ್ಲಿ ಹೈಡನ್‌ನಲ್ಲಿ ತೆರೆದ ಹೊಸ ಆಸ್ಪತ್ರೆಗೆ ಇವರ ಹೆಸರನ್ನಿಡಲಾಯಿತು. 1998ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವರ ಚಿತ್ರವಿರುವ 77 ಸೆಂಟ್ ಬೆಲೆಯ ಅಂಚೆಚೀಟಿಯನ್ನು ಹೊರತಂದಿತು.

ಡಾಕ್ಟರೇಟ್ ಪದವಿ ಮತ್ತು ಬ್ರೆಕಿನ್‌ರಿಡ್ಜ್ ಪರಂಪರೆ

ಮೇರಿಯವರು ನಿಧನರಾದ ವರ್ಷದಲ್ಲಿಯೇ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ವೈದ್ಯ ಹೆನ್ರಿ ಸಿಲ್ವರ್ ಅವರು ನರ್ಸ್ ಪ್ರಾಕ್ಟೀಷನರ್ ಶಿಕ್ಷಣವನ್ನು ಆರಂಭಿಸಿದರು. ರೋಗಿಯನ್ನು ಪರೀಕ್ಷಿಸಿ, ರೋಗವನ್ನು ಗುರುತಿಸಿ, ಚಿಕಿತ್ಸೆ ನೀಡಲು ಅರ್ಹತೆ ಪಡೆದ ದಾದಿಯೇ ನರ್ಸ್ ಪ್ರಾಕ್ಟೀಷನರ್. 1970ರಲ್ಲಿ ಹೈಡನ್‌ನ ಶಾಲೆಯೂ ಕುಟುಂಬ ಆರೋಗ್ಯದಲ್ಲಿ ಇಂತಹ ಶಿಕ್ಷಣವನ್ನು ತೊಡಗಿಸಿತು.

ಈ ವೃತ್ತಿಯ ಅತ್ಯುನ್ನತ ಪದವಿ ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್. ಪಿಎಚ್.ಡಿ. ಪದವಿಯು ಸಂಶೋಧನೆಗೆ ಸಂಬಂಧಿಸಿದ್ದರೆ, ಇದು ರೋಗಿಯ ನೇರ ಆರೈಕೆ ಮತ್ತು ಆರೋಗ್ಯ ವ್ಯವಸ್ಥೆಯ ಸುಧಾರಣೆಗೆ ಸಂಬಂಧಿಸಿದ್ದು. 2001ರಲ್ಲಿ ಲೆಕ್ಸಿಂಗ್ಟನ್‌ನ ಕೆಂಟಕಿ ವಿಶ್ವವಿದ್ಯಾನಿಲಯವು ದೇಶದಲ್ಲೇ ಮೊದಲಿಗೆ ಇದನ್ನು ಆರಂಭಿಸಿತು. ಉನ್ನತ ವೃತ್ತಿ ಶುಶ್ರೂಷಕಿಯರ ಶಿಕ್ಷಣವನ್ನು 2015ರ ಹೊತ್ತಿಗೆ ಡಾಕ್ಟರೇಟ್ ಮಟ್ಟಕ್ಕೆ ಏರಿಸಬೇಕೆಂದು ಅಮೆರಿಕದ ಶುಶ್ರೂಷಾ ಕಾಲೇಜುಗಳ ಸಂಘವು 2004ರಲ್ಲಿ ನಿಲುವು ತಳೆಯಿತು. ಅದು ಕಾನೂನಿನ ಕಡ್ಡಾಯವಾಗಲಿಲ್ಲ. ಸ್ನಾತಕೋತ್ತರ ಪದವಿಯಿಂದಲೂ ಈ ವೃತ್ತಿಗೆ ಪ್ರವೇಶವಿದೆ. ದಾದಿಯರು ಎಷ್ಟು ಸ್ವತಂತ್ರವಾಗಿ ಚಿಕಿತ್ಸೆ ನೀಡಬಹುದು ಎಂಬ ನಿಯಮವೂ ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯಾಗಿದೆ.

ಮೇರಿಯವರ ಕಾಲದಲ್ಲಿ ಈ ಪದವಿ ಇರಲಿಲ್ಲ. ಆದರೆ ಮೂಲ ಶಿಕ್ಷಣ ಮುಗಿಸಿದ ದಾದಿಯು ಉನ್ನತ ವ್ಯಾಸಂಗ ಮಾಡುವುದು, ಹೊಣೆಯ ಎಲ್ಲೆಯನ್ನು ಲಿಖಿತವಾಗಿ ಗೊತ್ತುಪಡಿಸಿಕೊಳ್ಳುವುದು ಮತ್ತು ಫಲಿತಾಂಶವನ್ನು ದಾಖಲಿಸಿ ಪರೀಕ್ಷೆಗೆ ಒಡ್ಡುವುದು ಎಂಬ ಮೂರನ್ನೂ ಇವರು ಆಗಲೇ ಆಚರಣೆಗೆ ತಂದಿದ್ದರು. ಇವರ ಶಾಲೆಯು ಇಂದು ಫ್ರಾಂಟಿಯರ್ ನರ್ಸಿಂಗ್ ವಿಶ್ವವಿದ್ಯಾನಿಲಯವಾಗಿ ಬೆಳೆದಿದ್ದು, ದೂರಶಿಕ್ಷಣದ ಮೂಲಕ ಈ ಡಾಕ್ಟರೇಟ್ ಪದವಿಯನ್ನೂ ನೀಡುತ್ತಿದೆ. ಹಳ್ಳಿಗಾಡಿನ ದಾದಿಯರು ತಮ್ಮ ಊರು ಬಿಡದೆ ಇಲ್ಲಿ ವ್ಯಾಸಂಗ ಮಾಡಬಹುದಾಗಿದೆ.