ಸಹಕಾರ ಧುರೀಣ ಶ್ರೀಪಾದ ಸುಬ್ರಾವ್ ತಲ್ಮಕಿ

ಗ್ರಾಂಟ್ ರೋಡ್ ನಿಲ್ದಾಣಕ್ಕೆ ಅನತಿದೂರದಲ್ಲಿರುವ ತಲ್ಮಕಿವಾಡಿಯು ರಾವ್ ಬಹಾದ್ದೂರ್ ಶ್ರೀಪಾದ ಸುಬ್ರಾವ್ ತಲ್ಮಕಿ ಅವರ ನಾಮಾಂಕಿತ ವಸತಿ. ಕೆನರಾ ಸೀಮೆಯಿಂದ ಮುಂಬಯಿಗೆ ಬಂದ ಚಿತ್ರಾಪುರ ಸಾರಸ್ವತ ಕುಟುಂಬಗಳಲ್ಲಿ ಅನೇಕರಿಗೆ ಅಡವಿಡಲು ಆಸ್ತಿಯಿರಲಿಲ್ಲ. ಪರಸ್ಪರರ ಮನೆತನ, ನಡತೆಗಳ ಪರಿಚಯವಿತ್ತು. ಅದನ್ನೇ ಮೂಲಧನವಾಗಿಸಿ ತಲ್ಮಕಿಯವರು 1906ರಲ್ಲಿ ಶಾಮರಾವ್ ವಿಠಲ ಕೈಕಿಣಿಯವರ ಹೆಸರಿನಲ್ಲಿ ಪತ್ತಿನ ಸಂಘವನ್ನೂ, 1915ರಲ್ಲಿ ಗಾಮದೇವಿಯಲ್ಲಿ ಸಹಕಾರಿ ಗೃಹಸಂಘವನ್ನೂ ಸ್ಥಾಪಿಸಿದರು.

ಸಾಲ ತೀರಿಸದವನು ಬಂಧುಗಳೆದುರು ತಲೆಯೆತ್ತುವುದು ಕಷ್ಟ. ಆ ಸಂಕೋಚವೇ ಅಲ್ಲಿ ಜಾಮೀನು. ಆದರೆ ಒಳಗಿನವರನ್ನು ಕಾಯುವ ಗೋಡೆಯು ಹೊರಗಿನ ಪ್ರಾಮಾಣಿಕನನ್ನೂ ತಡೆಯುತ್ತದೆ. ಮುಂದೆ ಆ ಸಂಘವು ಬ್ಯಾಂಕಾಗಿ ಬೆಳೆದು ಸರ್ವರಿಗೂ ಬಾಗಿಲು ತೆರೆಯಿತು. ಕುಲದ ಪರಿಚಯದಲ್ಲಿ ಮೊಳೆತ ವಿಶ್ವಾಸವು ನಿಯಮ, ಲೆಕ್ಕಪತ್ರಗಳ ಬಲದಿಂದ ಅಪರಿಚಿತರವರೆಗೂ ವ್ಯಾಪಿಸಿತು. ಪರಸ್ಥಳದಲ್ಲಿ ನೆಲೆಸಿ, ನಮ್ಮವರನ್ನೇ ಮೊದಲು ನಂಬುವ ನಮಗೆ ಈ ಚರಿತೆ ಮನನೀಯವಾಗಿದೆ.