ರಕ್ತದಲ್ಲಿ ಸಾಗುವ ಸಂದೇಶ: ಅರ್ನೆಸ್ಟ್ ಸ್ಟಾರ್ಲಿಂಗ್

ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಓದುವ ‘ಹಾರ್ಮೋನು’ ಎಂಬ ಪದ ಅಷ್ಟೇನೂ ಹಳೆಯದಲ್ಲ. 1905ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಉಪನ್ಯಾಸ ಕೊಡುವಾಗ ಅರ್ನೆಸ್ಟ್ ಸ್ಟಾರ್ಲಿಂಗ್ ಅದನ್ನು ಬಳಕೆಗೆ ತಂದರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ.

ಸ್ಟಾರ್ಲಿಂಗ್ ಹುಟ್ಟಿದ್ದು 1866ರಲ್ಲಿ, ಲಂಡನ್ನಿನಲ್ಲಿ. ತಂದೆ ವಕೀಲರು, ಕೆಲಸ ಮಾತ್ರ ದೂರದ ಬೊಂಬಾಯಿಯಲ್ಲಿ. ಗೈಸ್ ಆಸ್ಪತ್ರೆಯಲ್ಲಿ ವೈದ್ಯಶಾಸ್ತ್ರ ಕಲಿತ ಅವರು 1899ರಲ್ಲಿ ಯೂನಿವರ್ಸಿಟಿ ಕಾಲೇಜಿನ ಪ್ರಾಧ್ಯಾಪಕರಾದರು. ಅಲ್ಲಿ ಅವರ ಜೊತೆಗಾರ ವಿಲಿಯಂ ಬೇಲಿಸ್, ಸ್ಟಾರ್ಲಿಂಗರ ಸೋದರಿಯನ್ನು ಮದುವೆಯಾಗಿದ್ದವರು. ಸ್ಟಾರ್ಲಿಂಗರದು ಆತುರದ ಸ್ವಭಾವ, ಬೇಲಿಸರದು ನಿಧಾನ. ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಹೊಟ್ಟೆಯ ಆಮ್ಲ ಸಣ್ಣ ಕರುಳಿಗೆ ಇಳಿದಾಗ ಮೇದೋಜೀರಕ ಗ್ರಂಥಿ ರಸ ಸುರಿಸುತ್ತದೆ. ಆಮ್ಲ ಬಂದ ಸುದ್ದಿ ದೂರದ ಗ್ರಂಥಿಗೆ ತಲುಪುವುದು ಹೇಗೆ? ನರಗಳ ಮೂಲಕ ಎಂದು ರಷ್ಯಾದ ಪಾವ್ಲೋವ್ ನಂಬಿದ್ದರು. ಅಂಥ ದೊಡ್ಡವರ ಮಾತನ್ನು ಅನುಮಾನಿಸುವುದು ಸಣ್ಣ ವಿಷಯವಲ್ಲ. 1902ರ ಜನವರಿ 16ರಂದು ಇವರಿಬ್ಬರೂ ಪ್ರಜ್ಞೆ ತಪ್ಪಿಸಿದ ನಾಯಿಯೊಂದರ ಕರುಳಿನ ಒಂದು ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಅಲ್ಲಿಗೆ ಆಮ್ಲ ಹಾಕಿದರು. ರಸ ಬಂದೇ ಬಂತು! ಸ್ಟಾರ್ಲಿಂಗ್ ತಡಮಾಡದೆ ಕರುಳಿನ ಒಳಪದರವನ್ನು ಕೆರೆದು, ಮರಳು ಮತ್ತು ಆಮ್ಲದೊಂದಿಗೆ ಅರೆದು, ಸೋಸಿ ರಕ್ತಕ್ಕೆ ಚುಚ್ಚಿದರು. ಮತ್ತೆ ರಸ. ಆ ವಸ್ತುವಿಗೆ ‘ಸೆಕ್ರೆಟಿನ್’ ಎಂದು ಹೆಸರಿಟ್ಟರು. ಪಾವ್ಲೋವ್ ತಮ್ಮ ಪ್ರಯೋಗಾಲಯದಲ್ಲೇ ಅದನ್ನು ಮಾಡಿಸಿ ನೋಡಿ, ಲಂಡನ್ನಿನವರು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡರು. ನನಗೆ ಇದೂ ಆ ಪ್ರಯೋಗದಷ್ಟೇ ದೊಡ್ಡದಾಗಿ ಕಾಣುತ್ತದೆ.

ರಕ್ತ ಹರಿಯುವುದು ಇಡೀ ದೇಹಕ್ಕೆ. ಹಾಗಿದ್ದೂ ಸೆಕ್ರೆಟಿನ್‌ಗೆ ಕಾಲಿನ ಸ್ನಾಯು ಓಗೊಡುವುದಿಲ್ಲ, ಮೇದೋಜೀರಕ ಓಗೊಡುತ್ತದೆ. ಆ ಹಾರ್ಮೋನನ್ನು ಗುರುತಿಸುವ ಗ್ರಾಹಕ ಪ್ರೋಟೀನುಗಳು ಅಲ್ಲಿನ ಜೀವಕೋಶಗಳ ಮೇಲಿವೆ. ಗ್ರಾಹಕ ಬೇರೆಯಾದರೆ ಪರಿಣಾಮವೂ ಬೇರೆ: ಒಂದೇ ಅಡ್ರಿನಲಿನ್ ಹೃದಯದ ಬಡಿತವನ್ನು ಹೆಚ್ಚಿಸುತ್ತದೆ, ಕರುಳಿನ ಚಲನೆಯನ್ನು ತಗ್ಗಿಸುತ್ತದೆ. ಈ ವಿವರಗಳೆಲ್ಲ ಮುಂದಿನವರು ಕಂಡುಕೊಂಡದ್ದು. ಪ್ರಶ್ನೆ ಹುಟ್ಟಿದ್ದು ಮಾತ್ರ ಆ ಜನವರಿಯಲ್ಲಿ.

ಹೃದಯದ ಬಡಿತದ ಬಗ್ಗೆಯೂ ಸ್ಟಾರ್ಲಿಂಗರ ಹೆಸರಿನ ನಿಯಮವಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ವಿಷಾನಿಲದಿಂದ ಕಾಪಾಡುವ ಕೆಲಸ ಮಾಡಿದರು. ನೊಬೆಲ್ ಮಾತ್ರ ಬರಲಿಲ್ಲ. 1927ರ ಮೇ ತಿಂಗಳಲ್ಲಿ ಹಡಗಿನ ಪ್ರಯಾಣದಲ್ಲೇ ತೀರಿಕೊಂಡರು. ಅವರ ಸಮಾಧಿ ಇರುವುದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ.