ಕನ್ನಡದ ನಿಘಂಟುಕಾರ ರೆವರೆಂಡ್ ಕಿಟ್ಟೆಲ್

ಕನ್ನಡ ನಾಡಿನಲ್ಲಿ ಹುಟ್ಟದೆ ಕನ್ನಡಕ್ಕಾಗಿ ಬಾಳು ಸವೆಸಿದ ಮಹನೀಯರನ್ನು ಎಣಿಸುವಾಗ ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲರ ಹೆಸರು ಮೊದಲು ನಾಲಗೆಗೆ ಬರುತ್ತದೆ. ಅವರ ನಿಘಂಟನ್ನು ಕಪಾಟಿನಲ್ಲಿ ಕಂಡವರು ಬಹಳ ಜನ. ಬಿಡಿಸಿ ನೋಡಿದವರು ಸ್ವಲ್ಪ ಜನ. ಅದನ್ನು ರಚಿಸಿದವರ ಬಾಳನ್ನು ಬಲ್ಲವರು ಇನ್ನೂ ಸ್ವಲ್ಪ ಜನ. ಆದಕಾರಣ ಆ ಹಿರಿಯರ ಜೀವನವನ್ನು, ಅದರಲ್ಲಿಯೂ ರಾಯಚೂರು ಸೀಮೆಯವರಾದ ನಮಗೆ ಅದರಿಂದ ದೊರೆಯುವ ಪಾಠವನ್ನು, ತಿಳಿದಮಟ್ಟಿಗೆ ಸಹಪಾಠಿಗಳ ಮುಂದಿಡಲು ಬಯಸುತ್ತೇನೆ.

ಕಿಟ್ಟೆಲರು ಜನಿಸಿದ್ದು 1832ನೆಯ ಏಪ್ರಿಲ್ ತಿಂಗಳಲ್ಲಿ, ಜರ್ಮನಿಯ ಉತ್ತರ ಕಡಲ ಬದಿಯ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿಗಳು. ಬಾಲ್ಯದಲ್ಲಿಯೇ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳ ಪರಿಚಯ ಅವರಿಗಾಯಿತು. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿದರು. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಧರ್ಮಪ್ರಚಾರಕ್ಕೆಂದು ಭಾರತಕ್ಕೆ ಬಂದರು. ಅದೇ ವರ್ಷ ಕೃಷ್ಣಾ ತುಂಗಭದ್ರೆಗಳ ನಡುವಣ ನಮ್ಮ ಸೀಮೆ ನಿಜಾಮರ ಕೈಯಿಂದ ಇಂಗ್ಲಿಷರ ಕೈ ಸೇರಿತು. 1860ರಲ್ಲಿ ಪುನಃ ನಿಜಾಮರಿಗೇ ಹಿಂದಿರುಗಿತು.

ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಇವು ಅವರು ದುಡಿದ ಊರುಗಳು. ಜನರ ನಡುವೆ ಬೆರೆತು, ಅವರಾಡುವ ಮಾತನ್ನು ಕಿವಿಗೊಟ್ಟು ಕೇಳುವುದು ಅವರ ಸ್ವಭಾವ. ಸಂಸಾರದಲ್ಲಿ ದುಃಖವೂ ಬಂದಿತು. 1860ರಲ್ಲಿ ಕೈಹಿಡಿದ ಪೌಲೀನಾ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯಾರನ್ನು ವರಿಸಿದರು. ಬಂದುದು ಪ್ರಚಾರಕ್ಕಾಗಿ, ಆದರೆ ಅವರ ಮನಸ್ಸು ದಿನೇ ದಿನೇ ಭಾಷೆಯ ಕಡೆಗೆ ವಾಲಿತು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಸಂಪಾದಿಸಿ ಅಚ್ಚು ಹಾಕಿಸಿದರು.

ಕಿಟ್ಟೆಲರಿಗಿಂತ ಮೊದಲು ನಿಘಂಟುಗಳೇ ಇರಲಿಲ್ಲವೆಂದಲ್ಲ. ತುಂಗಭದ್ರೆಯ ಆಚೆಗೆ, ಬಳ್ಳಾರಿಯಲ್ಲಿದ್ದ ವಿಲಿಯಂ ರೀವರು 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನೂ ಹೊರತಂದಿದ್ದರು. ಕಿಟ್ಟೆಲರು ಹುಟ್ಟಿದ ವರ್ಷವೇ ಆ ಎರಡನೆಯ ಕೋಶವೂ ಹುಟ್ಟಿತೆಂಬುದು ಸೋಜಿಗ. ಆದರೆ ಹಳಗನ್ನಡ ಕಾವ್ಯಗಳ ಮಾತು, ಗಾದೆ, ದಾಸರ ಪದ, ಹಳ್ಳಿಯ ಆಡುನುಡಿ ಎಲ್ಲವನ್ನೂ ಒಂದೆಡೆ ತಂದು, ಪ್ರಯೋಗಗಳ ಆಧಾರದಿಂದ ಅರ್ಥ ನಿರ್ಣಯಿಸುವ ಕೆಲಸ ಕಿಟ್ಟೆಲರಿಗೆ ಕಾದಿತ್ತು. ದೇಶೀಯ ಪಂಡಿತರ ನೆರವಿನಿಂದ, ಸುಮಾರು ಎರಡು ದಶಕಗಳ ದುಡಿಮೆಯಿಂದ ಅದು ಮುಗಿಯಿತು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಆ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ 1,700ಕ್ಕೂ ಮಿಕ್ಕ ಪುಟಗಳಿವೆ; ಶಬ್ದಗಳು ಸುಮಾರು 70,000.

ಅಂಕಿಗಳಿಗಿಂತ ಅವರ ಕ್ರಮವೇ ದೊಡ್ಡದು. ಒಂದೇ ಅಕ್ಷರಗಳಿಂದ ಬರೆಯುವ ಮಾತುಗಳು ಒಂದೇ ಮಾತಲ್ಲವೆಂಬುದನ್ನು ಅವರು ಎಡೆಬಿಡದೆ ತೋರಿಸಿದರು. ಇಂದು ನಾವು ಅರಿ ಎಂದು ಬರೆಯುವ ಎರಡಕ್ಷರಗಳನ್ನೇ ತೆಗೆದುಕೊಳ್ಳಿ. ಶತ್ರುವೆಂಬ ಅರ್ಥದ ಅರಿ ಸಂಸ್ಕೃತದ್ದು. ಕೊಯ್ಯು, ಕತ್ತರಿಸು ಎಂಬ ಅರ್ಥದ ಅರಿ ಕನ್ನಡದ್ದು. ತಿಳಿ ಎಂಬ ಅರ್ಥದ್ದು ಮೂಲದಲ್ಲಿ ಅಱಿ; ಅದರ ರಕಾರ ಶಕಟರೇಫ. ಹಾಗೆಯೇ ಕತ್ತಿಗೆ ಬಾಳ್, ಬದುಕಿಗೆ ಬಾೞ್. ಆ ಹಳೆಯ ಅಕ್ಷರಗಳು ಬಳಕೆಯಿಂದ ತೊಲಗಿದ ಮೇಲೆ ಕತ್ತಿಯೂ ಬದುಕೂ ಒಂದೇ ಬಾಳು ಆದವು! ಕಿಟ್ಟೆಲರು ಹಳೆಯ ಅಕ್ಷರಗಳನ್ನು ಕೈಬಿಡಲಿಲ್ಲ. ಅಕ್ಷರ ಒಂದೇ ಆಗಿ ಮೂಲ ಬೇರೆಯಾದ ಕಡೆ ಒಂದು, ಎರಡು ಎಂದು ಅಂಕೆಯಿಟ್ಟು ಬೇರೆ ಬೇರೆ ಕೂರಿಸಿದರು. ತಮಿಳು, ತೆಲುಗು, ತುಳು ಮಾತುಗಳೊಡನೆ ಹೋಲಿಸಿದರು. ಸಂಸ್ಕೃತ ಕೋಶಗಳಲ್ಲಿರುವ ನೀರ, ಮೀನ ಮೊದಲಾದವು ದ್ರಾವಿಡ ಮೂಲದವೆಂದು ವಾದಿಸಿದರು. ಕನ್ನಡವು ಬರಿಯ ಸಾಲಗಾರ ನುಡಿಯಲ್ಲ, ಕೊಟ್ಟ ನುಡಿಯೂ ಹೌದೆಂಬ ಹೆಮ್ಮೆ ಇದರಿಂದ ನಮಗೆ ಬಂದಿತು.

ಇನ್ನು ನಮ್ಮ ಸೀಮೆಯ ಮಾತು. ದೇವದುರ್ಗದ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು, ಬ್ಯಾಗವಾಟದ ಜಗನ್ನಾಥದಾಸರು ಕನ್ನಡದಲ್ಲಿ ಹಾಡಿದ ನೆಲ ಇದು. ಆದರೂ 1948ರವರೆಗೆ ಇಲ್ಲಿ ಆಡಳಿತ ನಡೆದದ್ದು ಉರ್ದುವಿನಲ್ಲಿ. 1956ರಲ್ಲಿ ರಾಯಚೂರು ಮೈಸೂರು ರಾಜ್ಯವನ್ನು ಸೇರಿತು. ಕಚೇರಿಯ ಭಾಷೆ ಬದಲಾದರೂ ಮನೆಯ ಮಾತಿನಲ್ಲಿ ಆ ಶಬ್ದಗಳು ಉಳಿದವು. ದೇವದುರ್ಗದ ಕಡೆಯವನಾದ ನಾನು ಜಲ್ದಿ ಎಂದಾಗ, ಮಾನ್ವಿಯ ಗೆಳೆಯ ದವಾಖಾನಿ ಎಂದಾಗ, ಹೊರಗಿನವರೊಬ್ಬರು ನಕ್ಕು ಇದು ಕಲಬೆರಕೆ ಎಂದುಬಿಟ್ಟರು. ಆ ಮಾತು ನಮ್ಮನ್ನು ನೋಯಿಸಿತು. ನಮ್ಮಲ್ಲಿ ಎಷ್ಟೋ ಜನ ತರಗತಿಯಲ್ಲಿ ಬಾಯಿ ತೆರೆಯಲು ಅಂಜುವುದು ಈ ನಗೆಗೇ ಅಲ್ಲವೆ?

ಕಿಟ್ಟೆಲರು ನಗಲಿಲ್ಲ. ಕಚೇರಿ, ಅರ್ಜಿಗಳಂಥ ಮಾತುಗಳು ಬಂದಾಗ ಇವು ಹಿಂದುಸ್ತಾನಿಯಿಂದ ಬಂದವು ಎಂದು ಗುರುತು ಹಾಕಿ, ಕನ್ನಡದ ಮನೆಯೊಳಗೇ ಮಣೆ ಕೊಟ್ಟರು. ಎಲ್ಲಿಂದ ಬಂದೆ ಎಂದು ಕೇಳಿದರು. ಯಾಕೆ ಬಂದೆ ಎಂದು ಗದರಲಿಲ್ಲ. ಮೂಲವನ್ನು ಮರೆಮಾಚದಿರುವುದು ಶಾಸ್ತ್ರಜ್ಞನ ಧರ್ಮ. ಜನ ಆಡಿದ್ದನ್ನು ತಳ್ಳಿಹಾಕದಿರುವುದು ಸಜ್ಜನನ ಧರ್ಮ. ಇವೆರಡೂ ಒಬ್ಬರಲ್ಲಿಯೇ ಕೂಡಿದ್ದು ಕನ್ನಡದ ಭಾಗ್ಯ.

1892ರಲ್ಲಿ ಅವರು ಭಾರತವನ್ನು ಬಿಟ್ಟು ಸ್ವದೇಶಕ್ಕೆ ತೆರಳಿದರು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿಯಿತ್ತು ಗೌರವಿಸಿತು. ಆದರೂ ಅವರು ಸುಮ್ಮನೆ ಕೂರಲಿಲ್ಲ. 1903ರಲ್ಲಿ ಅವರ ಕನ್ನಡ ವ್ಯಾಕರಣ ಗ್ರಂಥವು ಇಂಗ್ಲಿಷಿನಲ್ಲಿ ಬೆಳಕು ಕಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗನ್ನಿನಲ್ಲಿ ಅವರು ಕೊನೆಯುಸಿರೆಳೆದರು. ಮುಂದೆ ಮದರಾಸು ವಿಶ್ವವಿದ್ಯಾಲಯದ ಆಶ್ರಯದಲ್ಲಿ ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಹೊರತಂದರು.

ಸಹಪಾಠಿಗಳೇ, ನಿಘಂಟು ಮುಗಿಯುವ ಗ್ರಂಥವಲ್ಲ. ನಮ್ಮ ಒಕ್ಕಲಿಗರ ಹೊಲದಲ್ಲಿ, ಸಂತೆಯಲ್ಲಿ, ಅಜ್ಜಿಯರ ಬಾಯಲ್ಲಿ ಇನ್ನೂ ಯಾವ ಕೋಶಕ್ಕೂ ಸೇರದ ಮಾತುಗಳಿರಬಹುದು. ರಜೆಯಲ್ಲಿ ಊರಿಗೆ ಹೋದಾಗ ಒಂದೊಂದು ನೋಟುಪುಸ್ತಕದಲ್ಲಿ ಮಾತು, ಅರ್ಥ, ಆಡಿದ ಊರು ಇಷ್ಟನ್ನು ಬರೆದು ತಂದರೆ ಸಾಕು. ಸಾವಿರಾರು ಮೈಲಿ ದೂರದಿಂದ ಬಂದವರು ನಮ್ಮ ಮಾತಿಗೆ ಕಿವಿಗೊಟ್ಟರು. ಅದೇ ಮಾತನ್ನಾಡಿ ಬೆಳೆದ ನಾವು ಅಷ್ಟಾದರೂ ಮಾಡಬೇಡವೆ?